ಅಪ್‌ಡೇಟ್: ಹೊಸ ಕ್ಯಾಮೆರಾದ ಫೋಟೋಗಳಲ್ಲಿ ಬರುತ್ತಿದ್ದ ಕಪ್ಪು ಪಟ್ಟೆ ಹೋಯಿತು

ಹೊಸ ಫುಲ್‌ಫ್ರೇಮ್ ಮಿರರ್‌ಲೆಸ್ (ದೊಡ್ಡ ಸೆನ್ಸರ್ ಇರುವ, ಒಳಗೆ ಕನ್ನಡಿ ಇಲ್ಲದ) ಕ್ಯಾಮೆರಾದಲ್ಲಿ ಛತ್ರದೊಳಗೆ ತೆಗೆದ ಫೋಟೋಗಳ ಮೇಲೆ ಅಡ್ಡಡ್ಡ ಪಟ್ಟೆ ಬರುತ್ತಿದೆ, ಸೆನ್ಸರ್ (ಬೆಳಕನ್ನು ಚಿತ್ರವಾಗಿಸುವ ಚಿಪ್) ಹಾಳಾಗಿದೆಯಾ ಅಂತ ಹೋದ ವಾರ ಕೇಳಿದ್ದೆ. ಇಲ್ಲ, ಕ್ಯಾಮೆರಾ ಚೆನ್ನಾಗಿದೆ!

ಲೆನ್ಸ್ ಒರೆಸಿದೆ, ಐಎಸ್‌ಒ (ಬೆಳಕಿಗೆ ಸೂಕ್ಷ್ಮತೆಯ ಸೆಟ್ಟಿಂಗ್) ಇಳಿಸಿದೆ, ಫರ್ಮ್‌ವೇರ್ (ಕ್ಯಾಮೆರಾದೊಳಗಿನ ಸಾಫ್ಟ್‌ವೇರ್) ಕೂಡ ಅಪ್‌ಡೇಟ್ ಮಾಡಿದೆ. ಪಟ್ಟೆ ಹಾಗೇ ಇತ್ತು. ಕೊನೆಗೆ ಕೆಲಸ ಮಾಡಿದ್ದು "ಸೈಲೆಂಟ್ ಶಟರ್ ಆಫ್ ಮಾಡಿ" ಅಂದವರ ಮಾತು. ಅವರಿಗೆ ತುಂಬಾ ಥ್ಯಾಂಕ್ಸ್. ಮಂತ್ರ ಹೇಳುವಾಗ ಸದ್ದಾಗದಿರಲಿ ಅಂತ ನಾನೇ ಅದನ್ನು ಆನ್ ಮಾಡಿದ್ದೆ.

ಕಾರಣ ತಿಳಿದಾಗ ನಿಜಕ್ಕೂ ಆಶ್ಚರ್ಯವಾಯಿತು. ನಮ್ಮ ಕರೆಂಟ್ 50 ಹರ್ಟ್ಜ್ ಅಲ್ವಾ, ಹಾಗಾಗಿ ಅನೇಕ ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಗೊತ್ತಾಗುವುದಿಲ್ಲ. ಆದರೆ ಸೈಲೆಂಟ್ ಶಟರ್ ಅಂದರೆ ಎಲೆಕ್ಟ್ರಾನಿಕ್ ಶಟರ್, ಅದು ಸೆನ್ಸರನ್ನು ಸಾಲು ಸಾಲಾಗಿ ಓದುತ್ತದೆ. ಒಂದು ಸಾಲಿಗೆ ಬೆಳಕು ಜಾಸ್ತಿ, ಇನ್ನೊಂದಕ್ಕೆ ಕಡಿಮೆ. ಅದೇ ಪಟ್ಟೆ. ಈಗ ಒಳಗಡೆ ಮೆಕ್ಯಾನಿಕಲ್ ಶಟರ್ (ಪರದೆ ತೆರೆದು ಮುಚ್ಚುವ, ಸದ್ದು ಮಾಡುವ ಶಟರ್), ವೇಗ 1/100 ಸೆಕೆಂಡ್. ದೀಪದ ಮಿನುಗು ತಪ್ಪಿಸುವ ಆಂಟಿ ಫ್ಲಿಕರ್ ಸೆಟ್ಟಿಂಗ್ ಕೂಡ ಆನ್. ಮನೆಯಲ್ಲಿ ಟ್ಯೂಬ್‌ಲೈಟ್ ಕೆಳಗೆ ಐವತ್ತು ಫೋಟೋ ತೆಗೆದೆ, ಒಂದರಲ್ಲೂ ಪಟ್ಟೆಯಿಲ್ಲ.

ಬೆಳಿಗ್ಗೆ ಲಾಲ್‌ಬಾಗ್‌ಗೆ ಹೋಗಿ ಸೈಲೆಂಟ್ ಶಟರ್‌ನಲ್ಲೇ ಕೆರೆಯ ಹಕ್ಕಿಗಳನ್ನು ತೆಗೆದೆ. ಬಿಸಿಲು ಮಿನುಗುವುದಿಲ್ಲವಲ್ಲ, ಎಲ್ಲವೂ ಸ್ವಚ್ಛ. ಹಾರುವ ಹಕ್ಕಿಯ ರೆಕ್ಕೆ ಮಾತ್ರ ಒಮ್ಮೊಮ್ಮೆ ಸೊಟ್ಟಗೆ ಬಂತು. ಅದಕ್ಕೂ ಈ ಸಾಲು ಸಾಲಿನ ಓದೇ ಕಾರಣ.

ಮೊದಲ ದಿನ ಕ್ಯಾಮೆರಾ ಭಾರ ಅನ್ನಿಸಿತ್ತು. ಈಗ ಹಿಡಿ ಕೈಗೆ ಒಗ್ಗಿದೆ. ಕಣ್ಣು ವ್ಯೂಫೈಂಡರ್‌ನಿಂದ ತೆಗೆಯದೆ ಬೆರಳಲ್ಲೇ ಡಯಲ್ ತಿರುಗಿಸಬಹುದು, ಅದೇ ನನಗೆ ತುಂಬಾ ಇಷ್ಟವಾಗಿದ್ದು. ಮುಂದಿನ ವಾರ ಅಕ್ಕನ ಮಗಳ ನಾಮಕರಣ, ಅದೇ ಛತ್ರದಲ್ಲಿ.