ಮಲಬಾರ್ ಟ್ರೋಗನ್: ದರೋಜಿಗೆ ಪಳಗಿದ ಕಣ್ಣಿಗೆ ದಟ್ಟ ಕಾಡಲ್ಲಿ ಕಾಣೋದು ಹೇಗೆ?

ಸಂಡೂರು ಸೀಮೆ:
ಫೆಬ್ರವರಿ ಕೊನೆಗೆ ಬಳ್ಳಾರಿಯಿಂದ ನಾಲ್ಕು ಮಂದಿ ದಾಂಡೇಲಿ ಹತ್ತಿರದ ಗಣೇಶಗುಡಿ ಕಾಡಿಗೆ ಹೊರಟೀವಿ. ನೋಡಬೇಕಾದ್ದು ಒಂದೇ, ಕಾಕರಣೆ ಹಕ್ಕಿ, ಅಂದ್ರೆ ಮಲಬಾರ್ ಟ್ರೋಗನ್. ನಮ್ಮದು ದರೋಜಿ ಕರಡಿಧಾಮದ ಬಂಡೆ, ಕುರುಚಲು, ಬಯಲು ಬೆಳಕಿನ ಅಭ್ಯಾಸ. ಕೈಯಲ್ಲಿರೋದು 10×42 ಬೈನಾಕ್ಯುಲರ್ (10 ಪಟ್ಟು ಹಿಗ್ಗಿಸೋದು, ಮುಂದಿನ ಗಾಜು 42 ಮಿ.ಮೀ.). ಏನು ಬದಲಿಸ್ಕೋಬೇಕು? ಹೆಣ್ಣಿನ ಗುರುತು ಏನು?

ತುಂಗಭದ್ರಾ ದಂಡೆ:
ಕೆಂಪು ಹುಡುಕಿದ್ರೆ ಸಿಗಲ್ರೀ. ಕಪ್ಪು ತಲೆ, ಎದೆಗೆ ಬಿಳಿ ಪಟ್ಟಿ, ಕೆಳಗೆ ಕಡುಗೆಂಪು ಹೊಟ್ಟೆ, ಇದೆಲ್ಲ ಗಂಡಿನ ಮುಂಭಾಗ. ಮನುಷ್ಯರ ಸುಳಿವು ಸಿಕ್ಕರೆ ಅದು ಬೆನ್ನು ತೋರಿಸಿ ಕೂರ್ತದೆ, ಬೆನ್ನು ಒಣ ತೇಗದೆಲೆ ಬಣ್ಣ. ಹಾಗಾಗಿ ಆಕಾರ ನೋಡ್ರಿ: ನೆಟ್ಟಗೆ ಕೂತ ಮೈ, ಕುತ್ತಿಗೆಯೇ ಇಲ್ಲವೇನೋ ಅನ್ನೋ ತಲೆ, ನೇರ ಕೆಳಗೆ ಜೋತ ಉದ್ದ ಬಾಲ, ತುದಿ ಕತ್ತರಿಸಿದ ಹಾಗೆ ಚೌಕ. ಒಟ್ಟು ಉದ್ದ ಸುಮಾರು 31 ಸೆಂ.ಮೀ. ನೆತ್ತಿ ಮೇಲಿನ ಹಸಿರಲ್ಲಿ ಹುಡುಕಬೇಡ್ರಿ, ಅದರ ಕೆಳಗಿನ ಬೋಳು ಕೊಂಬೆ, ಬಳ್ಳಿಗಳ ಮೇಲೆ ನೋಡ್ರಿ.

ಹೆಣ್ಣಿಗೆ ಕಪ್ಪು ತಲೆಯೂ ಇಲ್ಲ, ಬಿಳಿ ಪಟ್ಟಿಯೂ ಇಲ್ಲ. ತಲೆ, ಎದೆ ಕಂದು, ಹೊಟ್ಟೆ ಹಳದಿಗಂದು. ನೀಲಿ ಛಾಯೆಯ ಕೊಕ್ಕು, ಕಣ್ಣ ಸುತ್ತ ನೀಲಿ ಚರ್ಮ ಕಂಡರೆ ಅನುಮಾನ ಬೇಡ. ಮರದ ತುದಿಯಲ್ಲಿ ಗುಂಪಾಗಿ ಹಾರಾಡೋ ಕೆಂಪು ಹಕ್ಕಿ ಬಹುತೇಕ ಮಿನಿವೆಟ್. ಟ್ರೋಗನ್‌ಗೆ ಅಷ್ಟು ಚಟುವಟಿಕೆ ಇಲ್ಲ.

ಕೊಪ್ಪಳ ಕೋಟೆ:
ಕಣ್ಣಿಗಿಂತ ಕಿವಿ ಮೊದಲು. ಗಂಟಲೊಳಗಿನ ಮೆತ್ತಗಿನ 'ಕ್ಯೂ... ಕ್ಯೂ... ಕ್ಯೂ'. ಹಕ್ಕಿ ತಲೆ ತಿರುಗಿಸಿದಂಗ ದನಿ ದೂರ ಹೋದಂಗ ಅನಿಸ್ತೈತಿ, ಅದನ್ನ ನಂಬಿ ಬೆನ್ನಟ್ಟಿದ್ರ ಕಳಕೊಂಡ್ರಿ. ನಿಂತಲ್ಲೇ 15 ನಿಮಿಷ ನಿಲ್ರಿ. ಭೀಮರಾಜನ (ರಾಕೆಟ್ ಬಾಲದ ಕರಿ ಹಕ್ಕಿ) ಗದ್ದಲ ಕೇಳಿದ್ರ ಕಿವಿಗೊಡ್ರಿ. ಹರಟೆಮಲ್ಲ, ಮರಕುಟುಕಗಳ ಜೊತೆ ಹುಳ ಹಿಡಿಯೋ ಆ ದಂಡಿನೊಳಗ ಇದೂ ಒಮ್ಮೊಮ್ಮೆ ಸೇರಿರತೈತಿ.

ಗಂಗಾವತಿ ಗದ್ದೆ:
10×42 ಹೊರಗೆ ಬಿಡೋ ಬೆಳಕಿನ ವೃತ್ತ 4.2 ಮಿ.ಮೀ., 8×42ದು 5.25. ನೆರಳಲ್ಲಿ ಆ ವ್ಯತ್ಯಾಸ ಗೊತ್ತಾಗತ್ತೆ, ಕೈನಡುಕವೂ ಕಮ್ಮಿ. ಹೊಸದು ಕೊಳ್ಳೋದೇನೂ ಬೇಡ, ಸಿಕ್ಕರೆ ಎರವಲು ತನ್ನಿ. ಕ್ಯಾಮೆರಾಗೆ ಐಎಸ್‌ಒ 3200, ಶಟರ್ ವೇಗ 1/125 ಸೆಕೆಂಡಿನಿಂದ ಶುರು ಮಾಡಿ. ಹಕ್ಕಿ ಅಲುಗಾಡದೆ ಕೂರೋದರಿಂದ ಸಾಕಾಗತ್ತೆ. ಹಿಂದೆ ಆಕಾಶ ಬಿದ್ದರೆ ಎಕ್ಸ್‌ಪೋಶರ್ +1, ಇಲ್ಲಾಂದ್ರೆ ಬರೀ ಕರಿ ನೆರಳು. ಫ್ಲ್ಯಾಶ್ ಬೇಡ.

ಸಂಡೂರು ಸೀಮೆ:
ಮೊಬೈಲಲ್ಲಿ ಅದರ ಕೂಗು ಹಾಕಿ ಕರೆಸಿದ್ರೆ?

ತುಂಗಭದ್ರಾ ದಂಡೆ:
ಬ್ಯಾಡ್ರೀ. ಫೆಬ್ರವರಿಯಿಂದ ಮೇವರೆಗೆ ಮರಿ ಮಾಡೋ ಕಾಲ. ಲಡ್ಡಾದ ಮರದ ಮೋಟಿನಲ್ಲಿ ಗೂಡು ಕೊರೀತವೆ, ಕಾವು ಕೂರೋದು ಗಂಡು ಹೆಣ್ಣು ಎರಡೂ. ಕೂಗು ಕೇಳಿ ಗಂಡು ಎದ್ದು ಬಂದ್ರೆ ಗೂಡು ಖಾಲಿ. ಮೋಟಿನ ಹತ್ತಿರ ಹಕ್ಕಿ ಬಾಲ ಎತ್ತಿ ಇಳಿಸಿ 'ಕಿರ್ರ್' ಅಂದ್ರೆ ಹಿಂದಕ್ಕೆ ಸರೀರಿ.