ಸ್ವರ್ಗಕ್ಕೆ ವಯಾ ಅಟ್ಲಾಂಟಾ

"ಉತ್ತರಕ್ಕೆ ಹೋಗಲು ದಕ್ಷಿಣಕ್ಕೆ ಯಾಕೆ ಹಾರಬೇಕು, ಹೇಳಿ ನೋಡೋಣ" ಎಂದು ದೇಸಾಯರು ಶುರು ಮಾಡಿದರು. ಬೆಳಗಾವಿಯವರು ದಿಲ್ಲಿಗೆ ಹೋಗಲು ಬೆಂಗಳೂರಿಗೆ ಹೋಗಿ, ಅಲ್ಲಿ ಎರಡು ಗಂಟೆ ಕಾದು, ಸಾಲ ಮಾಡಿ ಇಡ್ಲಿ ತಿಂದು, ವಿಮಾನ ಬದಲಿಸಿ ಮತ್ತೆ ಉತ್ತರಕ್ಕೆ ಮುಖ ಮಾಡುತ್ತಿದ್ದ ಕಾಲದ ಸಿಟ್ಟು ಅದು. ಈಗ ನೇರ ವಿಮಾನ ಬಂದಿದೆಯಲ್ಲ ಎಂದರೆ ಅವರು ಒಪ್ಪುವುದಿಲ್ಲ. ವಿಮಾನ ಬಂತೆಂದು ಸಿಟ್ಟನ್ನು ಬಿಟ್ಟುಕೊಡುವ ಮನೆತನ ಅವರದಲ್ಲ.

ಗಣಿತದ ಮಾಸ್ತರರು ಚಹಾದ ಲೋಟ ಕೆಳಗಿಟ್ಟರು. ನಿವೃತ್ತರಾದ ಮೇಲೆ ಅವರಿಗೆ ಲೆಕ್ಕ ಒಪ್ಪಿಸಲು ನಾವಲ್ಲದೆ ಬೇರೆ ಯಾರೂ ಇಲ್ಲ. "ಹತ್ತು ಊರುಗಳಿವೆ ಎನ್ನಿ. ಪ್ರತಿ ಊರಿನಿಂದ ಪ್ರತಿ ಊರಿಗೂ ನೇರ ವಿಮಾನ ಬಿಡಬೇಕಾದರೆ 45 ಮಾರ್ಗಗಳು ಬೇಕು. ಒಂದೂರನ್ನು ಹಬ್ ಮಾಡಿ ಎಲ್ಲರನ್ನೂ ಅಲ್ಲಿಗೇ ಕರೆದರೆ ಒಂಬತ್ತೇ ಸಾಕು. ವಿಮಾನಗಳೂ ತುಂಬುತ್ತವೆ."

"ಕಂಪನಿಗೆ ಸಾಕು. ನನಗೆ?"

ಅಮೆರಿಕದಲ್ಲಿ 1978ರಲ್ಲಿ ವಿಮಾನ ಕಂಪನಿಗಳ ಮಾರ್ಗ ಮತ್ತು ದರಗಳ ಮೇಲಿನ ಸರ್ಕಾರಿ ಹಿಡಿತ ಸಡಿಲಿಸಿದ ಮೇಲೆ ಈ ಪದ್ಧತಿ ಬಲವಾಗಿ ಬೇರೂರಿತು ಎಂದು ವಕೀಲರು ಕಾನೂನಿನ ಎಳೆ ಹಿಡಿದರು. ಅಲ್ಲಿನ ದಕ್ಷಿಣದ ರಾಜ್ಯಗಳಲ್ಲಿ ಒಂದು ಹಳೆಯ ನಗೆಮಾತಿದೆಯಂತೆ: ಸತ್ತವರು ಸ್ವರ್ಗಕ್ಕೇ ಹೋಗಲಿ, ನರಕಕ್ಕೇ ಹೋಗಲಿ, ಅಟ್ಲಾಂಟಾದಲ್ಲಿ ವಿಮಾನ ಬದಲಿಸಲೇಬೇಕು.

"ನಮ್ಮವರಾದರೆ ಬೆಂಗಳೂರಿನಲ್ಲಿ ಇಳಿದು ಫೈಲನ್ನೂ ಮುಂದಕ್ಕೆ ಸರಿಸಬೇಕು" ಎಂದರು ದೇಸಾಯರು.

"ಚಳಿಗಾಲದಲ್ಲಿ ಸಾಯಿರಿ" ಎಂದು ವಕೀಲರು ಸಲಹೆ ಕೊಟ್ಟರು. "ಅಧಿವೇಶನಕ್ಕೆಂದು ಆಗ ಬೆಂಗಳೂರೇ ಸುವರ್ಣ ವಿಧಾನಸೌಧಕ್ಕೆ ಬಂದಿರುತ್ತದೆ. ಇಲ್ಲಿಂದಲೇ ನೇರ ಸೇವೆ."

ಶುಲ್ಕವಿಲ್ಲದೆ ವಕೀಲರು ಕೊಟ್ಟ ಸಲಹೆ ನನಗೆ ತಿಳಿದಂತೆ ಅದೊಂದೇ.

ಹಬ್‌ಗಳ ಕಣ್ಣು ತಪ್ಪಿಸಿ ಊರಿಂದೂರಿಗೆ ನೇರವಾಗಿ ಹಾರುವ ವಿಮಾನಗಳಿಗಾಗಿ ಬೆಳಗಾವಿಯವರು ಭೂಪಟ ಹುಡುಕಬೇಕಾಗಿಲ್ಲ. 2019ರಲ್ಲಿ ಹಾರಾಟ ಆರಂಭಿಸಿದ ಸ್ಟಾರ್ ಏರ್, 50 ಸೀಟುಗಳ ಎಂಬ್ರೇಯರ್ ವಿಮಾನ ಇಟ್ಟುಕೊಂಡು 2021ರಲ್ಲಿ ನಮ್ಮ ಸಾಂಬ್ರಾ ನಿಲ್ದಾಣದಿಂದ ಜೋಧಪುರಕ್ಕೆ ಹಾರಿತು. ಸುದ್ದಿ ಬಂದ ದಿನ ಊರೆಲ್ಲ ನಕ್ಕಿತ್ತು. ಮುಂಬೈ ಇಲ್ಲ, ದಿಲ್ಲಿ ಇಲ್ಲ, ನೇರವಾಗಿ ಮರುಭೂಮಿಗೆ!

"ಬೆಳಗಾವಿಗೂ ಜೋಧಪುರಕ್ಕೂ ಏನು ಸಂಬಂಧ ಎಂದು ಇವತ್ತಿಗೂ ನನಗೆ ತಿಳಿದಿಲ್ಲ" ಎಂದರು ದೇಸಾಯರು.

ಮೂಲೆಯಲ್ಲಿ ಕುಂದಾ ತಿನ್ನುತ್ತಿದ್ದ ಬಟ್ಟೆಯಂಗಡಿಯ ಶೇಠರು ತಲೆ ಎತ್ತಿದರು. ಅವರ ಅಜ್ಜ ಮಾರವಾಡದಿಂದ ಬಂದವರು, ಇವರ ಕನ್ನಡ ದೇಸಾಯರದಕ್ಕಿಂತ ಸ್ಪಷ್ಟ. "ದೇಸಾಯರೇ, ನಿಮ್ಮ ಮಗಳ ಮದುವೆಯ ಸೀರೆ ಎಲ್ಲಿಂದ ತಂದಿರಿ?"

"ನಿಮ್ಮ ಅಂಗಡಿಯಿಂದ."

"ಸ್ಟೀಲಿನ ಪಾತ್ರೆ?"

"ನಿಮ್ಮ ತಮ್ಮನ ಅಂಗಡಿಯಿಂದ."

"ಮನೆಯ ಬಲ್ಬು, ವೈರು?"

"ನಿಮ್ಮ ಸೋದರಳಿಯ..."

"ಸೀರೆಯ ಬಾಕಿ ಇನ್ನೂ ಬಂದಿಲ್ಲ. ಇದಕ್ಕಿಂತ ಗಟ್ಟಿ ಸಂಬಂಧ ಬೇಕೇ?"

ಭೂಪಟದಲ್ಲಿ ಹುಚ್ಚಾಗಿ ಕಾಣುವ ಗೆರೆಯ ಕೆಳಗೆ ಇಂಥದೊಂದು ಲೇವಾದೇವಿ ಇದ್ದೇ ಇರುತ್ತದೆ. ಅದೇ ಕಂಪನಿ ಬೆಳಗಾವಿಯನ್ನು ರಾಜಸ್ಥಾನದ ಕಿಶನಗಢಕ್ಕೂ ಜೋಡಿಸಿತ್ತು. ಕಿಶನಗಢ ಅಮೃತಶಿಲೆಯ ದೊಡ್ಡ ಪೇಟೆ. ಅಜ್ಮೀರದ ದರ್ಗಾ ಕೂಡ ಅಲ್ಲಿಗೆ ಹತ್ತಿರ. ಮನೆಗೆ ನೆಲಹಾಸು ಹುಡುಕುವವನೂ ಹರಕೆ ತೀರಿಸುವವನೂ ಒಂದೇ ವಿಮಾನ ಹತ್ತಬಹುದಿತ್ತು. ಮನೆ ಕಟ್ಟಿಸುವವರಿಗೆ ಎರಡೂ ಬೇಕಾಗುತ್ತವೆ.

2021ರಲ್ಲೇ ಆರಂಭವಾದ ಕಲಬುರಗಿ–ತಿರುಪತಿ ಮಾರ್ಗದ ಬಗ್ಗೆ ವಕೀಲರಿಗೆ ಇದ್ದದ್ದು ಬೇರೆಯೇ ಚಿಂತೆ. ಹೋಗುವಾಗ ಆಧಾರ್ ಚೀಟಿಯ ಫೋಟೊ ಮುಖಕ್ಕೆ ತಾಳೆಯಾಗುತ್ತದೆ. ಮುಡಿ ಕೊಟ್ಟು ರೇಣಿಗುಂಟದ ನಿಲ್ದಾಣಕ್ಕೆ ಮರಳಿದಾಗ ಸಾಲಿನಲ್ಲಿ ನಿಂತ ಗಂಡ, ಭಾವ, ಷಡ್ಡಕ ಎಲ್ಲರೂ ಒಂದೇ ಮನುಷ್ಯ. "ನಾನು ಕಾವಲಿನವನಾಗಿದ್ದರೆ ಹಣೆಯ ನಾಮದ ಅಗಲ ಅಳೆದು ಒಳಗೆ ಬಿಡುತ್ತಿದ್ದೆ" ಎಂದರು.

ಹುಬ್ಬಳ್ಳಿಯವರಿಗೆ 2019ರ ನವೆಂಬರಿನಲ್ಲಿ ಸಿಕ್ಕಿದ್ದು ಹಿಂಡನ್. ದಿಲ್ಲಿಗೆಂದು ಹೊರಟವರು ಇಳಿದದ್ದು ಉತ್ತರಪ್ರದೇಶದ ಗಾಜಿಯಾಬಾದಿನಲ್ಲಿ, ಅದೂ ವಾಯುಪಡೆಯ ನೆಲೆಯಲ್ಲಿ. ದಿಲ್ಲಿಯ ಪಾಲಂ ನಿಲ್ದಾಣದ ಜನಜಾತ್ರೆ ತಪ್ಪಿತು. ಆದರೆ ವಿಮಾನದ ಪಕ್ಕ ನಿಂತು ಸೆಲ್ಫಿ ತೆಗೆಯುವಂತಿಲ್ಲ. ಸೆಲ್ಫಿ ಇಲ್ಲದ ಮೇಲೆ ವಿಮಾನದಲ್ಲಿ ಹೋದದ್ದಕ್ಕೆ ಸಾಕ್ಷಿ ಏನು ಎಂದು ವಕೀಲರು ಕೇಳುವುದು ನ್ಯಾಯವೇ.

ಆ 50 ಸೀಟಿನ ಎಂಬ್ರೇಯರ್ ವಿಮಾನದ ಇನ್ನೊಂದು ಗುಣ ನನಗೆ ಬಹಳ ಹಿಡಿಸಿತು. ಒಂದು ಬದಿಗೆ ಒಂಟಿ ಸೀಟು, ಇನ್ನೊಂದು ಬದಿಗೆ ಜೋಡಿ. ನಡುವಿನ ಸೀಟೆಂಬ ಶಿಕ್ಷೆಯೇ ಇಲ್ಲ. ದೇಸಾಯರ ಜೊತೆ ಪ್ರಯಾಣ ಮಾಡುವವರೆಲ್ಲ ಒಂಟಿ ಸೀಟನ್ನೇ ಕೇಳಿ ಪಡೆಯುತ್ತಾರೆ.

"ನಗಬೇಡಿ, 50 ಸೀಟಿನಲ್ಲೇ ಇದರ ಜೀವವೂ ಇದೆ, ಸಾವೂ ಇದೆ" ಎಂದರು ಮಾಸ್ತರರು. ದೊಡ್ಡ ವಿಮಾನ ತುಂಬಲು ಜೋಧಪುರಕ್ಕೆ ದಿನಕ್ಕೆ 180 ಜನ ಸಿಗುವುದಿಲ್ಲ, ಆದ್ದರಿಂದ ಚಿಕ್ಕ ವಿಮಾನ. ಚಿಕ್ಕದಾದರೆ ಪೈಲಟ್ ಸಂಬಳ, ರಿಪೇರಿ ಎಲ್ಲವನ್ನೂ ಕಡಿಮೆ ತಲೆಗಳು ಹಂಚಿಕೊಳ್ಳಬೇಕು, ಆದ್ದರಿಂದ ಸೀಟೊಂದರ ಖರ್ಚು ಹೆಚ್ಚು. ಉಡಾನ್ ಯೋಜನೆ ಕೈ ಕೊಡುವುದು ಇಲ್ಲೇ: ಒಂದಿಷ್ಟು ಸೀಟುಗಳ ದರಕ್ಕೆ ಮಿತಿ ಹಾಕಿ, ಬೀಳುವ ಕೊರತೆಯನ್ನು ಮೂರು ವರ್ಷ ಸರ್ಕಾರ ತುಂಬಿಕೊಡುತ್ತದೆ. ಆಮೇಲೆ ಕಂಪನಿಯುಂಟು, ಪ್ರಯಾಣಿಕರುಂಟು.

ಈ "ಆಮೇಲೆ" ಏನಾಯಿತು ಎಂಬುದು ಸರ್ಕಾರದ ಲೆಕ್ಕ ತಪಾಸಿಸುವ ಸಿಎಜಿಯ 2023ರ ವರದಿಯಲ್ಲಿದೆ. ಯೋಜನೆಯ ಮೂರನೇ ಸುತ್ತಿನವರೆಗೆ ಮಂಜೂರಾದ ಮಾರ್ಗಗಳು 774, ಹಾರಾಟ ಆರಂಭವಾದದ್ದು 371, ಮೂರು ವರ್ಷ ಪೂರೈಸಿದ್ದು 112, ಅದರಾಚೆಗೂ ಉಸಿರಾಡಿದ್ದು 54.

"ನಮ್ಮ ತಾಲ್ಲೂಕಿನ ಬೋರ್‌ವೆಲ್‌ಗಳ ಲೆಕ್ಕ ಓದಿದ ಹಾಗಾಯಿತು" ಎಂದರು ಶೇಠರು.

ಮಾಸ್ತರರು ಅವರನ್ನು ಸಮಾಧಾನಪಡಿಸಲು ಸ್ಕಾಟ್ಲೆಂಡಿಗೆ ಕರೆದೊಯ್ದರು. ಅಲ್ಲಿನ ಆರ್ಕ್ನಿ ದ್ವೀಪಗಳಲ್ಲಿ ವೆಸ್ಟ್ರೇಯಿಂದ ಪಾಪಾ ವೆಸ್ಟ್ರೇಗೆ ಲೋಗನ್ ಏರ್ 1967ರಿಂದ ವಿಮಾನ ಓಡಿಸುತ್ತಿದೆ. ದೂರ 2.7 ಕಿಲೋಮೀಟರ್. ವೇಳಾಪಟ್ಟಿಯಲ್ಲಿ ಎರಡು ನಿಮಿಷ, ಗಾಳಿ ಅನುಕೂಲವಾಗಿದ್ದಾಗಿನ ದಾಖಲೆ 53 ಸೆಕೆಂಡು. ಶಿಕ್ಷಕರು, ವೈದ್ಯರು, ಶಾಲೆಯ ಮಕ್ಕಳು ಹತ್ತುತ್ತಾರೆ. ಅದಕ್ಕೂ ಸರ್ಕಾರದ ಹಣವೇ ಆಸರೆ.

"ಐವತ್ಮೂರು ಸೆಕೆಂಡಿನಲ್ಲಿ ಖಡೇಬಜಾರಿನಲ್ಲಿ ಸ್ಕೂಟರಿನ ಸ್ಟ್ಯಾಂಡ್ ತೆಗೆಯಲೂ ಆಗುವುದಿಲ್ಲ" ಎಂದ ದೇಸಾಯರು ಅಲ್ಲಿಂದ ನೇರವಾಗಿ ಮಗನಿರುವ ಅಮೆರಿಕಕ್ಕೆ ಜಿಗಿದರು. ಹಿಂದೆ ಫ್ರಾಂಕ್‌ಫರ್ಟಿನಲ್ಲಿ ವಿಮಾನ ಬದಲಿಸುವಾಗ ಅವರ ಮನೆಯವರು ಶೇಂಗಾ ಚಟ್ನಿಪುಡಿಯ ಡಬ್ಬಿಯನ್ನು ತಪಾಸಣೆಯ ಜರ್ಮನ್ ಹುಡುಗಿಗೆ ವಿವರಿಸಬೇಕಾಗಿತ್ತು. ವಿವರಣೆ ಸಾಲದೆ ರುಚಿಯನ್ನೂ ತೋರಿಸಿದರಂತೆ. 2021ರ ಜನವರಿಯಲ್ಲಿ ಏರ್ ಇಂಡಿಯಾ ಸ್ಯಾನ್‌ಫ್ರಾನ್ಸಿಸ್ಕೊ–ಬೆಂಗಳೂರು ನಡುವೆ ಸುಮಾರು 14,000 ಕಿಲೋಮೀಟರ್‌ಗಳ ನೇರ ಸೇವೆ ತೆರೆದಾಗ ಅವರು ಬೀದಿಗೆಲ್ಲ ಪೇಢೆ ಹಂಚಿದ್ದರು. ಆ ಮೊದಲ ವಿಮಾನವನ್ನು ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದಲ್ಲಿ ಮಹಿಳೆಯರೇ ಉತ್ತರ ಧ್ರುವದ ಮೇಲೆ ಹಾರಿಸಿಕೊಂಡು ಬಂದಿದ್ದರು.

ಅಮೆರಿಕ ಪಶ್ಚಿಮಕ್ಕಿರುವಾಗ ಧ್ರುವ ಯಾಕೆ ಎಂದು ಶೇಠರು ಕೇಳಿದ್ದೇ ತಪ್ಪಾಯಿತು. ಮಾಸ್ತರರು ತಟ್ಟೆಯ ಬಟಾಟೆ ವಡೆಯನ್ನು ಭೂಮಿ ಮಾಡಿ, ನೆತ್ತಿಗೆ ಚಟ್ನಿಯ ಬೊಟ್ಟಿಟ್ಟು, ಎರಡು ಬದಿಯ ಎರಡು ಊರುಗಳಿಗೆ ಅದರ ಮೇಲಿನಿಂದಲೇ ಹತ್ತಿರದ ದಾರಿ ಎಂದು ತೋರಿಸಿದರು. ಪಾಠ ಮುಗಿಯುವಷ್ಟರಲ್ಲಿ ವಕೀಲರು ಏಷ್ಯಾ ಖಂಡವನ್ನು ತಿಂದಿದ್ದರು.

"ಒಂದು ಸಂಶಯ" ಎಂದರು ಶೇಠರು. "ಆ ನೇರ ವಿಮಾನ ಹಿಡಿಯಲು ನೀವು ಎಲ್ಲಿಗೆ ಹೋದಿರಿ?"

ದೇಸಾಯರು ಚಹಾ ಕುಡಿದರು. "ಬೆಂಗಳೂರಿಗೆ" ಎಂದು ಮಾಸ್ತರರೇ ಹೇಳಬೇಕಾಯಿತು. ಫ್ರಾಂಕ್‌ಫರ್ಟನ್ನು ದಾಟಿಸಿದ ಬೆಂಗಳೂರು ಪುಣ್ಯವಂತ ಊರು, ಬೆಳಗಾವಿಯವರನ್ನು ತಡೆದಿದ್ದ ಬೆಂಗಳೂರು ಪಾಪಿ. ಊರು ಮಾತ್ರ ಒಂದೇ.

ಅಷ್ಟರಲ್ಲಿ ಲೋಟ ಎತ್ತಲು ಬಂದ ಹುಡುಗ ಬಾಯಿ ಹಾಕಿದ. "ನಮ್ಮ ಹಳ್ಳಿಯಿಂದ ನನ್ನ ಅಕ್ಕನ ಊರು ಹೊಳೆಯಾಚೆಗೆ ಕಾಣುತ್ತದೆ, ಸಾಹೇಬರೇ. ಬಸ್ಸಿನಲ್ಲಿ ಹೋಗಬೇಕಾದರೆ ಬೆಳಗಾವಿಗೆ ಬಂದು ಬದಲಿಸಬೇಕು. ನಮ್ಮ ಕಡೆಯವರು ಈ ಊರಿಗೆ ದಿನಾ ಶಾಪ ಹಾಕುತ್ತಾರೆ."

ದೇಸಾಯರು ಕುರ್ಚಿಯಲ್ಲಿ ನೆಟ್ಟಗಾದರು. "ಕೇಳಿದಿರಾ? ಬೆಳಗಾವಿಯೂ ಹಬ್!" ಎಂದು ಮೀಸೆ ತೀಡಿಕೊಂಡು, ಎಲ್ಲರಿಗೂ ಇನ್ನೊಂದು ಸುತ್ತು ಚಹಾ ಹೇಳಿದರು. ಸೀರೆಯ ಬಾಕಿಯಲ್ಲೇ ಇದನ್ನೂ ಸೇರಿಸಿಕೊಳ್ಳುವಂತೆ ಶೇಠರಿಗೆ ಸೂಚಿಸಿದರು.