ಓಓ ರೈಲಿನ ಪಕ್ಕ 28 ಮಿ.ಮೀ. ಸೈನಿಕರು ಹೊಂದ್ತಾರಾ? ಹಳಿ ಮನೇಲೇ ಮಾಡಬಹುದಾ?

ದಳವಾಯಿ_ಮೈಸೂರು

ಎಲ್ಲರಿಗೂ ನಮಸ್ಕಾರ. ಮೈಸೂರು, ಜೋಧಪುರದ ಕುದುರೆ ಪಡೆಗಳು ತುರ್ಕರಿಂದ ಹೈಫಾ ಊರು ಗೆದ್ದ 1918ರ ಸೆಪ್ಟೆಂಬರ್ 23ರ ಕದನವನ್ನ ಟೇಬಲ್ ಮೇಲೆ ಆಡಬೇಕು ಅನ್ನೋದು ಬಹಳ ದಿನದ ಆಸೆ. ಮೈಸೂರು ಲ್ಯಾನ್ಸರ್ಸ್ ಕುದುರೆಗಳಿಗೆ ಬಣ್ಣ ಬಳಿದು ಮುಗೀತಾ ಬಂತು, ನಿಂತ ಆಳಿನ ಎತ್ತರ 28 ಮಿ.ಮೀ. ಇರೋ ಸ್ಕೇಲು. ಟೇಬಲ್ ಆರಡಿಗೆ ನಾಲ್ಕಡಿ. ಒಂದು ಕಡೆ ಕಾರ್ಮೆಲ್ ಬೆಟ್ಟ, ಇನ್ನೊಂದು ಕಡೆ ಕಿಶೋನ್ ಹೊಳೆ, ನಡುವಿನ ಇಕ್ಕಟ್ಟಲ್ಲಿ ರಸ್ತೆ ಮತ್ತು ರೈಲು ಹಳಿ. ಬೆಟ್ಟ, ಹೊಳೆ ರೆಡಿ. ಹಳೀದೇ ತಲೆನೋವು.

ಚಿಕ್ಕಪ್ಪ ಇಂಗ್ಲೆಂಡಿಂದ ತಂದುಕೊಟ್ಟಿದ್ದ ಓಓ ಅಳತೆಯ ಮಾಡೆಲ್ ರೈಲಿನ ಟ್ಯಾಂಕ್ ಎಂಜಿನ್ನು, ಎರಡು ಗೂಡ್ಸ್ ವ್ಯಾಗನ್ನು ಮನೇಲಿದೆ. ಮೋಟರ್ ಸತ್ತು ಕಾಲವಾಯ್ತು. ಓಓ ಅಂದ್ರೆ 1:76 (ನಿಜದ್ದರ 76ನೇ ಒಂದು ಪಾಲು) ತಾನೆ, ನನ್ನ ಸೈನಿಕನ್ನ ಪಕ್ಕ ನಿಲ್ಲಿಸಿದ್ರೆ ಕ್ಯಾಬಿನ (ಡ್ರೈವರ್ ನಿಲ್ಲೋ ಗೂಡಿನ) ಬಾಗಿಲಲ್ಲಿ ತೂರೋ ಹಾಗಿಲ್ಲ. ಇದಕ್ಕಿಂತ ದೊಡ್ಡ ಓ ಗೇಜ್ ರೈಲು ತರಿಸೋಣ ಅಂದ್ರೆ ಬೆಲೆ, ಅದರ ಮೇಲೆ ಕಸ್ಟಮ್ಸ್ ಸುಂಕ. ಮನೇಲಿ ಮುಖ ತೋರ್ಸೋಕಾಗಲ್ಲ. ಇರೋದನ್ನೇ ಹೇಗಾದ್ರೂ ಹೊಂದಿಸಬಹುದಾ?

ಮಲೆನಾಡ_ದಾಳ

ಸೈನಿಕರನ್ನೇ ಬದಲಾಯಿಸಿ ಗುರು. 1:72 ಪ್ಲಾಸ್ಟಿಕ್ ತಗೊಂಡ್ರೆ ಓಓ ರೈಲಿಗೆ ಹತ್ರ ಹತ್ರ ಸರಿಹೋಗುತ್ತೆ, ದುಡ್ಡೂ ಕಮ್ಮಿ. ಬಳಿದ ಬಣ್ಣ ಹೊಳೇಲಿ ಹೋಯ್ತು ಅನ್ಕೊಳ್ಳಿ.

ಹಳಿರಾಯ_ಹುಬ್ಬಳ್ಳಿ

ಬಣ್ಣ ಹಚ್ಚಿದ ಕುದರಿ ಯಾಕ ಬಿಡ್ತೀರಿ? ಮೊದಲ ಲೆಕ್ಕ ಹಾಕ್ರಿ. ತುರ್ಕರು ಡಮಾಸ್ಕಸ್‌ನಿಂದ ಮದೀನಾಕ್ಕ ಹಾಕಿದ ಹೆಜಾಜ್ ರೈಲ್ವೆ ಗೇಜ್ (ಎರಡು ರೇಲಿನ ನಡುವಿನ ಅಂತರ) 1050 ಮಿ.ಮೀ., ಹೈಫಾಕ್ಕ ಬಂದ ಶಾಖಾನೂ ಅದ ಗೇಜ್. ಓಓ ಹಳಿ ಅಗಲ 16.5 ಮಿ.ಮೀ. ಅದನ್ನ 64ರಿಂದ ಗುಣಿಸಿದ್ರ 1056. ನಿಮ್ಮ 28 ಮಿ.ಮೀ. ಸಿಪಾಯಿನ್ನೂ 64ರಿಂದ ಗುಣಿಸ್ರಿ, ಐದಡಿ ಹತ್ತಿಂಚಿನ ಆಳು. ಅಂದ್ರ ಹಳಿನೂ ಬರೋಬ್ಬರಿ, ಆಳೂ ಬರೋಬ್ಬರಿ. ಸ್ಕೇಲ್ ತಪ್ಪಿರೋದು ಎಂಜಿನ್ನಿನ ಮೈಯಾಗ ಅಷ್ಟ. ಅದೂ ಭಾಳ ಏನಿಲ್ಲ. ಇಂಗ್ಲೆಂಡಿನ ಸ್ಟ್ಯಾಂಡರ್ಡ್ ಗೇಜ್ ಎಂಜಿನ್ 1:76ಕ್ಕ ಇಳಿಸಿದ್ರ ಎಷ್ಟು ಎತ್ತರ ಬರ್ತದೋ, ಮೀಟರ್ ಗೇಜಿನ ಸಣ್ಣ ಎಂಜಿನ್ 1:64ಕ್ಕ ಇಳಿಸಿದ್ರೂ ಹೆಚ್ಚುಕಡಿಮಿ ಅಷ್ಟ. ಕಣ್ಣಿಗೆ ಹೊಡಿಯೋದು ಕ್ಯಾಬು, ಮೆಟ್ಟಲಾ, ಹಿಡಿಕಿ. ಕ್ಯಾಬ್ ಕೊಯ್ದು ತಗದು, ದಪ್ಪ ಕಾರ್ಡಿನಾಗ ಎತ್ತರದ್ದೊಂದು ಮಾಡಿ ಕೂಡಸ್ರಿ. ವ್ಯಾಗನ್ನಿನ ಡಬ್ಬಿ ಬಿಚ್ಚಿ, ಗಾಲಿ ಅಷ್ಟ ಇಟ್ಕೊಂಡು, ಮ್ಯಾಲ ಐಸ್‌ಕ್ರೀಮ್ ಕಡ್ಡಿ ಹಲಗಿ ಹೊಡೀರಿ. ಮೋಟರ್ ಸತ್ತಿದ್ದು ಛಲೋನ ಆತು. ಕರೆಂಟ್ ಬ್ಯಾಡ ಅಂದ ಮ್ಯಾಲ ಹಳಿ ಯಾವುದರಾಗಾದರೂ ಮಾಡಬಹುದು.

ನಾ ಪಿ.ಡಬ್ಲ್ಯು.ಐ. (ರೈಲ್ವೆ ಹಳಿ ನೋಡ್ಕೊಳ್ಳೋ ಇನ್ಸ್‌ಪೆಕ್ಟರ್) ಆಗಿ ರಿಟೈರ್ ಆದಾಂವ, ಮೊದಲರ್ಧ ಸರ್ವಿಸ್ ಮೀಟರ್ ಗೇಜಿನಾಗ ಕಳದದ್ದು. ಈಗ ಮಗನ ಆಟದ ಟೇಬಲ್ಲಿಗೆ ಗ್ಯಾಂಗ್‌ಮನ್ ನಾನ. ಈ ಆಟದ ಮಂದಿ ಮಾಡಿದ ಹಳಿ ನೋಡಿದ್ರ ಸಿಟ್ಟು ಬರ್ತದ ನೋಡ್ರಿ, ಸ್ಲೀಪರ್ (ರೇಲಿನ ಬುಡಕ್ಕ ಹಾಕೋ ಅಡ್ಡಪಟ್ಟಿ) ಅಂದ್ರ ಏಣಿ ಮೆಟ್ಟಲಾ ಹಾಕಿದಂಗ ದೂರ ದೂರ ಹಾಕಿರ್ತಾರ. ನಮ್ಮ ಮೀಟರ್ ಗೇಜಿನ ಕಟಗಿ ಸ್ಲೀಪರ್ 1.8 ಮೀಟರ್ ಉದ್ದ, 20 ಸೆಂ.ಮೀ. ಅಗಲ. 1:64ಕ್ಕ ತಂದ್ರ 28 ಮಿ.ಮೀ. ಉದ್ದ, 3 ಮಿ.ಮೀ. ಅಗಲ. ನಿಮ್ಮ ಸಿಪಾಯಿನ್ನ ಹಳಿ ಮ್ಯಾಲ ಅಡ್ಡ ಮಲಗಿಸಿದ್ರ ಸ್ಲೀಪರಿನಷ್ಟ ಬರ್ತಾನ. ಒಂದು ರೇಲ್ 12 ಮೀಟರ್. ಅದಕ್ಕ ‘ಎಂ ಪ್ಲಸ್ 7’ (ರೇಲ್ ಎಷ್ಟು ಮೀಟರೋ ಅದಕ್ಕ ಏಳು ಕೂಡಿಸೋ) ಲೆಕ್ಕದಾಗ 19 ಸ್ಲೀಪರ್ ಬೀಳ್ತಾವು. ಟೇಬಲ್ ಮ್ಯಾಲ ಅದು ಸೆಂಟಿಮೀಟರಿಗೊಂದು. ಫಿಶ್‌ಪ್ಲೇಟ್ (ಎರಡು ರೇಲ್ ಕೂಡಿಸೋ ಪಟ್ಟಿ) ಬರೋ ಜಾಯಿಂಟಿನ ಎರಡೂ ಬಾಜೂಕ ಇನ್ನಟ ಒತ್ತಿ ಹಾಕ್ರಿ, ಯಾಕಂದ್ರ ಬಡತ ಬೀಳೋದು ಅಲ್ಲೇ.

ಹೆಜಾಜ್ ಮೇನ್ ಲೈನಿನಾಗ ಉಕ್ಕಿನ ಸ್ಲೀಪರ್ ಇದ್ದವು. ಮರುಭೂಮಿ ಆಟ ಆಡೋದಿದ್ರ ಕಟಗಿ ಬ್ಯಾಡ, ಕಾರ್ಡ್ ಸಾಕು. ಉಕ್ಕಿನ ಸ್ಲೀಪರ್ ಬೋರಲು ಹಾಕಿದ ತೊಟ್ಟಿ ಇದ್ದಂಗ ಇರ್ತದ, ಎರಡೂ ತುದಿ ಬಾಗಿ ಖಡಿಯೊಳಗ ಮುಳುಗಿರ್ತಾವು. 3 ಮಿ.ಮೀ. ಪಟ್ಟಿ ಕತ್ತರಿಸಿ, ತುದಿ ಉಗರಿನಿಂದ ಕೆಳಗ ಒತ್ತಿ ಅಂಟಸ್ರಿ. ಖಡಿ ಹಾಕಿದ ಮ್ಯಾಲ ನಡು ಅಷ್ಟ ಉಬ್ಬಿ ಕಾಣ್ತದ, ಖರೇ ಹಳಿ ಹಂಗ.

ಬುಡಕ್ಕ 5 ಮಿ.ಮೀ. ಸನ್‌ಬೋರ್ಡ್ (ಹಗುರ ಫೋಮ್ ಹಲಗಿ), ಒಂದಡಿ ತುಂಡು, ಅಂಚು ಓರೆ ಕೊಯ್ದದ್ದು. ರೇಲಿಗೆ ಆರ್ಕಿಟೆಕ್ಟ್ ಮಾಡೆಲ್ ಸಾಮಾನಿನ ಅಂಗಡ್ಯಾಗ ಸಿಗೋ ಪ್ಲಾಸ್ಟಿಕ್ ಪಟ್ಟಿ, ಎರಡೂವರೆ ಮಿ.ಮೀ. ಎತ್ತರದ್ದು. ಗೇಜಿಗೆ ಸ್ಕೇಲ್ ಹಿಡೀಬ್ಯಾಡ್ರಿ. ಒಂದು ಗಟ್ಟಿ ಚೂರಿಗೆ 16.5ಕ್ಕ ಎರಡು ಕಚ್ಚು ಹಾಕಿ ಅದನ್ನ ಸರಿಸ್ಕೋತ ಅಂಟಸ್ರಿ. ಪ್ರತಿ ತುಂಡಿನ ತುದಿಯೊಳಗ ರೇಲ್ ಅಂಚಿನಿಂದ ಒಂದ ಅಳತಿಗೆ ಬಂದಿರಬೇಕು, ಅಂದ್ರ ಯಾವ ತುಂಡು ಯಾವುದಕ್ಕ ಬೇಕಾದ್ರೂ ಕೂಡ್ತದ. ಖಡಿಗೆ ಎಂ-ಸ್ಯಾಂಡ್, ಚಹಾ ಸೋಸೋ ಜರಡಿಯೊಳಗ ಸೋಸಿದ್ದು. ನೀರು ಬೆರೆಸಿದ ಫೆವಿಕಾಲಿಗೆ ಒಂದು ಹನಿ ಪಾತ್ರಿ ತೊಳಿಯೋ ಸಾಬೂನು ಹಾಕಿದ್ರ ಒಳಗ ಇಳೀತದ. ಯಾರೋ ರವಾ ಹಾಕ್ರಿ ಅಂತಾರ, ಬ್ಯಾಡ. ಮಳಿಗಾಲದಾಗ ಹುಳ ಹತ್ತತಾವು. ಕಡೀಕ ಎಲ್ಲಾ ಜಂಗು ಬಣ್ಣ ಹೊಡದು, ರೇಲಿನ ನೆತ್ತಿಗೆ ಅಷ್ಟ ಪೆನ್ಸಿಲ್ ಸೀಸ ಉಜ್ಜರಿ. ಗಾಲಿ ಓಡಿದ ಹೊಳಪು ಬರ್ತದ.

ದಳವಾಯಿ_ಮೈಸೂರು

ಸರ್, 64ರ ಲೆಕ್ಕ ನೋಡಿ ಕುಣಿದಾಡೋ ಹಾಗಾಯ್ತು. ಕ್ಯಾಬಿಗೆ ಕತ್ತರಿ ಹಾಕೋಕೆ ಮಾತ್ರ ಕೈ ನಡುಗ್ತಾ ಇದೆ, ಚಿಕ್ಕಪ್ಪ ಇನ್ನೂ ಬದುಕಿದಾರೆ. ಇನ್ನೊಂದು ಡೌಟು: ನನ್ನ ಕುದುರೆ ಬೇಸ್ 25ಕ್ಕೆ 50 ಮಿ.ಮೀ. ಹಳಿ ಮೇಲೆ ನಿಲ್ಲಿಸಿದ್ರೆ ವಾಲಿ ಬೀಳುತ್ತಲ್ಲ? ರೈಲನ್ನ ಆಟದಲ್ಲಿ ಎಷ್ಟು ವೇಗವಾಗಿ ಓಡಿಸ್ಬೇಕು?

ಆರಂಕಿ_ಬೆಂಗಳೂರು

ರೈಲನ್ನ ಹೈಫಾ ಆಟಕ್ಕೆ ತರಲೇಬೇಡಿ. ಅಲ್ಲಿ ನಿಮಗೆ ಬೇಕಿರೋದು ಹಳಿ ಮಾತ್ರ. ಜೋಧಪುರ ಲ್ಯಾನ್ಸರ್ಸ್ ಆಕ್ರೆ ಕಡೆಯ ಹಳಿ ದಾಟುವಾಗ ಫಿರಂಗಿ, ಮೆಷಿನ್‌ಗನ್ ಗುಂಡು ಸುರಿಯಿತು. ಹೊಳೆ ದಡದ ಕುಸಿಯೋ ಮರಳಲ್ಲಿ ದಾರಿ ಸಿಗದೆ ಅವರು ಎಡಕ್ಕೆ ಕಾರ್ಮೆಲ್ ತಪ್ಪಲಿಗೆ ತಿರುಗಿದರು. ನಿಮ್ಮ ಮೈಸೂರಿನವರ ಒಂದು ಸ್ಕ್ವಾಡ್ರನ್ ಅಷ್ಟರಲ್ಲಿ ಬೆಟ್ಟದ ಮೇಲಿನ ಫಿರಂಗಿ ಹಿಡಿಯೋಕೆ ಹೊರಟಾಗಿತ್ತು. ಹಾಗಾಗಿ ಆಟದಲ್ಲಿ ಹಳಿ ಒಂದು ತಡೆ: ದಾಟೋ ಕುದುರೆಗೆ ಅರ್ಧ ನಡೆ, ಏರಿಯ ಹಿಂದೆ ಮಲಗಿದ ಕಾಲಾಳಿಗೆ ಸ್ವಲ್ಪ ಮರೆ. ಆ ಟರ್ನಲ್ಲಿ ಚಾರ್ಜ್ (ಕುದುರೆ ಓಡಿಸಿ ಮೇಲೆ ನುಗ್ಗೋದು) ಇಲ್ಲ ಅಂತ ಮಾತ್ರ ಮಾಡ್ಬೇಡಿ, ಇಡೀ ಕದನವೇ ಚಾರ್ಜಿನದು.

ರೈಲು ಬೇಕೇ ಬೇಕು ಅಂದ್ರೆ 1917ರ ಸೆಪ್ಟೆಂಬರ್‌ನಲ್ಲಿ ಹೆಜಾಜ್ ರೈಲ್ವೆಯ ಮುದವ್ವರ ಸ್ಟೇಷನ್ ಹತ್ರ ನಡೆದ ದಾಳಿ ಆಡಿ. ಎರಡು ಎಂಜಿನ್ನಿನ ರೈಲನ್ನ ‘ಲಾರೆನ್ಸ್ ಆಫ್ ಅರೇಬಿಯಾ’ ಅನ್ನೋ ಬ್ರಿಟಿಷ್ ಅಧಿಕಾರಿಯ ತಂಡ ಮೈನ್ ಇಟ್ಟು ಹಾರಿಸಿದ್ದು, ಲೂಯಿಸ್ ಗನ್, ಸ್ಟೋಕ್ಸ್ ಮಾರ್ಟರ್ ಎಲ್ಲಾ ಇತ್ತು. ಅಲ್ಲೂ ನಿಜವಾದ ವೇಗ ಹಾಕಿದ್ರೆ ರೈಲು ಒಂದೇ ಟರ್ನಲ್ಲಿ ಟೇಬಲ್ ದಾಟಿ ಗೋಡೆಗೆ ಹೊಡೆಯುತ್ತೆ! ಯಾವ ಟರ್ನಲ್ಲಿ ಬರುತ್ತೆ ಅಂತ ದಾಳ ಹಾಕಿ, ಕೈಯಲ್ಲೇ ತಳ್ಳಿ. ಎಂಜಿನ್ನು, ಎರಡು ವ್ಯಾಗನ್ನು ಸಾಕು, ಇನ್ನೂ ಉದ್ದ ಮಾಡಿದ್ರೆ ಟೇಬಲ್ ಎರಡು ಹೋಳು.

ಹಳಿರಾಯ_ಹುಬ್ಬಳ್ಳಿ

ಬೇಸ್ ವಾಲೋದಕ್ಕ ಉಪಾಯ ಅದ ತಮ್ಮಾ. ನಾಕು ತುಂಡಿನಾಗ ಒಂದಕ್ಕ ಎರಡೂ ರೇಲಿನ ನಡುವ, ಹೊರಗ ಎಲ್ಲಾ ನೆತ್ತಿ ಮಟ್ಟಕ್ಕ ಎಂ-ಸ್ಯಾಂಡ್ ತುಂಬಿ ಲೆವೆಲ್ ಕ್ರಾಸಿಂಗ್ ಮಾಡ್ರಿ. ಗಾಲಿ ಅಂಚು ಹೋಗಲಿಕ್ಕೆ ರೇಲಿನ ಒಳಬಾಜೂಕ ಸಣ್ಣ ಗಾಲಿ ದಾರಿ ಬಿಡ್ರಿ. ಕುದರಿ ಅಲ್ಲೇ ದಾಟಲಿ, ನಿಲ್ಲಲಿ.

ಮುದವ್ವರ ಆಡೋದಿದ್ರ ಹಾಳಾದ ಹಳಿ ತುಂಡೂ ಎರಡು ಮಾಡಿ ಇಡ್ರಿ. ಹೆಜಾಜಿನಾಗ 1918ರ ಹೊತ್ತಿಗೆ ಉಕ್ಕಿನ ಸ್ಲೀಪರಿನ ನಡುವಿನ ಬುಡಕ್ಕ ಮದ್ದಿಟ್ಟು ಹಾರಸ್ತಿದ್ರು. ಸ್ಲೀಪರ್ ನಡು ಮ್ಯಾಲೆದ್ದು ಎರಡೂ ರೇಲ್ ಎಳಕೊಂಡು ಸೊಟ್ಟ ಆಗ್ತಿದ್ವು. ಹಂಗ ಆದ ರೇಲ್ ನೆಟ್ಟಗ ಮಾಡೋದು ಭಾಳ ತ್ರಾಸು, ಬದಲ ಮಾಡೋದ ಛಲೋ. ಪ್ಲಾಸ್ಟಿಕ್ ಪಟ್ಟಿನ ಬಿಸಿನೀರಾಗ ಅದ್ದಿ ಬಾಗಸ್ರಿ, ಮೇಣದಬತ್ತಿಗೆ ಹಿಡದ್ರ ಕರಗತದ.

ಮೊದಲನೇ ತುಂಡು ಆದ ಕೂಡ್ಲೆ ಮ್ಯಾಲಿಂದ ಫೋಟೋ ಹಾಕ್ರಿ, ಬಾಜೂಕ ಸ್ಕೇಲ್ ಇಟ್ಟು. ಗೇಜ್ ನಾ ಚೆಕ್ ಮಾಡ್ತೇನಿ. ಚಿಕ್ಕಪ್ಪನವರಿಗೆ ಕೇಳಿದ ಮ್ಯಾಲ ಕ್ಯಾಬ್ ಮುಟ್ರಿ.